ಚರ್ಮರೋಗ ಸಂಶೋಧನೆಯಲ್ಲಿ ಎಲ್ಲ ಮೈಬಣ್ಣಕ್ಕೂ ಜಾಗ: ಪ್ರೋಟೊಕಾಲ್‌ನಿಂದ ಜರ್ನಲ್‌ವರೆಗೆ ಮಾಡಬೇಕಾದ್ದು

ಚರ್ಮರೋಗದ ಪ್ರಬಂಧಗಳ ಕೊನೆಯಲ್ಲಿ ‘ಅಧ್ಯಯನದ ಮಿತಿಗಳು’ ಎಂಬ ಪ್ಯಾರಾ ಇರುತ್ತದೆ. ‘ಭಾಗವಹಿಸಿದವರಲ್ಲಿ ಹೆಚ್ಚಿನವರು ತಿಳಿಬಣ್ಣದವರಾದ್ದರಿಂದ ಫಲಿತಾಂಶ ಉಳಿದವರಿಗೆ ಅನ್ವಯಿಸದೆ ಇರಬಹುದು’ ಎಂಬ ಸಾಲು ಅಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಅಷ್ಟು ಹೊತ್ತಿಗೆ ಹಣ ಖರ್ಚಾಗಿರುತ್ತದೆ, ರೋಗಿಗಳು ಮನೆಗೆ ಹೋಗಿರುತ್ತಾರೆ, ಫೋಟೊಗಳು ಕಡತ ಸೇರಿರುತ್ತವೆ. ಆ ಸಾಲು ಬರೆದು ಕೈತೊಳೆದುಕೊಳ್ಳುವುದು ಬಿಟ್ಟರೆ ಬೇರೆ ದಾರಿ ಉಳಿದಿರುವುದಿಲ್ಲ. ಕಪ್ಪು ಮತ್ತು ಕಂದು ಮೈಬಣ್ಣದವರು ಹೊರಗುಳಿಯುವುದು ಪ್ರಕಟಣೆಯ ಹಂತದಲ್ಲಿ ಅಲ್ಲ. ಯಾವ ಮಾಪಕ, ಯಾವ ಪ್ರವೇಶ ನಿಯಮ, ಯಾವ ಕ್ಯಾಮೆರಾ ಎಂದು ಅಧ್ಯಯನದ ಲಿಖಿತ ಯೋಜನೆಯಾದ ಪ್ರೋಟೊಕಾಲ್‌ನಲ್ಲಿ ಬರೆಯುವಾಗಲೇ ಅವರು ಹೊರಗಾಗಿರುತ್ತಾರೆ. ಆದ್ದರಿಂದ ಇಲ್ಲಿನ ಹೆಜ್ಜೆಗಳು ಅಲ್ಲಿಂದಲೇ ಶುರುವಾಗುತ್ತವೆ. ಸಂಪಾದಕರ ಪಾಲಿನ ಕೆಲಸ ಆಮೇಲೆ ಬರುತ್ತದೆ.

1. ಯಾವ ವ್ಯತ್ಯಾಸವನ್ನು ಅಳೆಯುತ್ತಿದ್ದೀರಿ ಎಂದು ಮೊದಲು ತೀರ್ಮಾನಿಸಿ

ಲೇಸರ್ ಚಿಕಿತ್ಸೆಯ ನಂತರ ಎಷ್ಟು ಜನರಿಗೆ ಕಪ್ಪು ಕಲೆ ಉಳಿಯುತ್ತದೆ ಎಂಬ ಪ್ರಶ್ನೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ಗೆ ಸಂಬಂಧಿಸಿದ್ದು. ಅಲ್ಲಿ ದಾಖಲಿಸಬೇಕಾದ್ದು ಮೈಬಣ್ಣ. ಔಷಧವನ್ನು ದೇಹ ಹೇಗೆ ವಿಭಜಿಸುತ್ತದೆ ಎಂಬ ಪ್ರಶ್ನೆಗೆ ಜೀನ್ ಪರೀಕ್ಷೆ ಬೇಕು. ರೋಗಿ ತಜ್ಞರ ಬಳಿ ತಡವಾಗಿ ಬರುವುದೇಕೆ ಎಂದು ತಿಳಿಯಬೇಕಾದರೆ ಆದಾಯ, ದೂರ, ಭಾಷೆ ಇವನ್ನು ಕೇಳಬೇಕು. ಈ ಮೂರಕ್ಕೂ ‘ಜನಾಂಗ’ ಎಂಬ ಒಂದೇ ಕಾಲಂ ಇಟ್ಟುಬಿಟ್ಟರೆ ಮೂರಕ್ಕೂ ಉತ್ತರ ಸಿಗುವುದಿಲ್ಲ. ಒಂದೇ ಜನಾಂಗದ ಹೆಸರಿನಡಿ ಎಣ್ಣೆಗೆಂಪಿನಿಂದ ಕಡುಗಪ್ಪಿನವರೆಗೆ ಎಲ್ಲ ಬಣ್ಣದವರೂ ಇರುತ್ತಾರೆ.

ಜನಾಂಗವನ್ನು ಕೇಳಲೇಬೇಕಾದರೆ ಯಾರು ಗುರುತಿಸಿದ್ದು (ರೋಗಿಯೋ, ಸಿಬ್ಬಂದಿಯೋ), ಯಾವ ಆಯ್ಕೆಗಳನ್ನು ಕೊಟ್ಟಿದ್ದು, ಏಕೆ ಕೇಳಿದ್ದು ಎಂಬ ಮೂರನ್ನೂ ವಿಧಾನದ ಭಾಗದಲ್ಲಿ ಬರೆಯಿರಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಜಾಮಾ ಜರ್ನಲ್‌ಗಳು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇದನ್ನೇ ಕೇಳುತ್ತದೆ. ಕೋಷ್ಟಕದಲ್ಲಿ ಗುಂಪುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿ, ಬಹುಸಂಖ್ಯಾತರನ್ನು ಮೊದಲಿಡಬೇಡಿ ಎಂದೂ ಅದು ಹೇಳುತ್ತದೆ. ಲಿಂಗದ ವಿಷಯಕ್ಕೆ 2016ರ ಸೇಜರ್ ಮಾರ್ಗಸೂಚಿ ಇದೆ. ಅದನ್ನು ಪ್ರೋಟೊಕಾಲ್ ಬರೆಯುವ ಮೊದಲೇ ಓದಿಕೊಳ್ಳಿ.

2. ಬಣ್ಣವನ್ನು ಅಂದಾಜಿಸಬೇಡಿ, ಅಳೆಯಿರಿ

ಹೆಚ್ಚು ಬಳಕೆಯಲ್ಲಿರುವುದು ಫಿಟ್ಸ್‌ಪ್ಯಾಟ್ರಿಕ್ ವರ್ಗೀಕರಣ. ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಅದೇ. ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಇದನ್ನು ರೂಪಿಸಿದ್ದು ಪುವಾ ಎಂಬ ಬೆಳಕಿನ ಚಿಕಿತ್ಸೆಗೆ ಎಷ್ಟು ಡೋಸ್ ಕೊಡಬೇಕು ಎಂದು ತಿಳಿಯಲು. ಬಿಸಿಲಿಗೆ ಚರ್ಮ ಸುಡುತ್ತದೆಯೇ, ಕಪ್ಪಾಗುತ್ತದೆಯೇ ಎಂಬುದು ಅದರ ಪ್ರಶ್ನೆ. ಬಣ್ಣ ಯಾವುದು ಎಂಬುದಲ್ಲ. ಮೊದಲಿಗೆ ಅದು ಬಿಳಿಯರಿಗೆಂದೇ ಮಾಡಿದ್ದು. ಕಂದು ಮತ್ತು ಕಪ್ಪು ಚರ್ಮದ ಐದನೇ, ಆರನೇ ವರ್ಗಗಳು ಬಂದದ್ದು ಆಮೇಲೆ. ಜಗತ್ತಿನ ಬಹುಪಾಲು ಜನರನ್ನು ಕೊನೆಯ ಎರಡು ಮೂರು ಖಾನೆಗಳಲ್ಲಿ ತುಂಬಿಸಿದರೆ ಅವರೊಳಗಿನ ವ್ಯತ್ಯಾಸ ಕಾಣುವುದೇ ಇಲ್ಲ. ರೋಗಿಯನ್ನು ಕೇಳದೆ ಮುಖ ನೋಡಿ ‘ನಾಲ್ಕನೇ ವರ್ಗ’ ಎಂದು ಬರೆಯುವ ಅಭ್ಯಾಸವಂತೂ ಮಾಪಕದ ಅರ್ಥವನ್ನೇ ಕೆಡಿಸುತ್ತದೆ. ಸೂರ್ಯನ ಬೆಳಕಿಗೆ ಚರ್ಮ ಹೇಗೆ ವರ್ತಿಸುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಮಾತ್ರ ಇದನ್ನು ಬಳಸಿ, ಅದೂ ಪ್ರಶ್ನಾವಳಿಯ ಮೂಲಕ.

ಬಣ್ಣವೇ ಬೇಕಾದಾಗ ಕಲರಿಮೀಟರ್ ಅಥವಾ ಸ್ಪೆಕ್ಟ್ರೊಫೋಟೊಮೀಟರ್ ಬಳಸಿ ಐಟಿಎ ಕೋನ (ಮೈಬಣ್ಣ ಎಷ್ಟು ತಿಳಿ, ಎಷ್ಟು ಕಡು ಎಂದು ಡಿಗ್ರಿಯಲ್ಲಿ ಹೇಳುವ ಅಂಕಿ) ತೆಗೆಯಿರಿ. ಉಪಕರಣ ಕೊಡುವ ಎಲ್-ಸ್ಟಾರ್ (ಹೊಳಪು) ಮೌಲ್ಯದಿಂದ 50 ಕಳೆದು, ಅದನ್ನು ಬಿ-ಸ್ಟಾರ್ (ಹಳದಿ-ನೀಲಿ) ಮೌಲ್ಯದಿಂದ ಭಾಗಿಸಿ, ಬಂದದ್ದರ ಆರ್ಕ್-ಟ್ಯಾನ್ ತೆಗೆದು, ಡಿಗ್ರಿಗೆ ಬದಲಿಸಬೇಕು. ಎಲ್-ಸ್ಟಾರ್ 62, ಬಿ-ಸ್ಟಾರ್ 16 ಇದ್ದರೆ 12 ಭಾಗಿಸು 16, ಅಂದರೆ 0.75, ಕೋನ ಸುಮಾರು 37 ಡಿಗ್ರಿ. ಎಲ್-ಸ್ಟಾರ್ 38, ಬಿ-ಸ್ಟಾರ್ 14 ಇದ್ದರೆ ಕೋನ ಸುಮಾರು ಮೈನಸ್ 41 ಡಿಗ್ರಿ. ರೂಢಿಯ ಗಡಿಗಳು ಹೀಗಿವೆ: 55ಕ್ಕಿಂತ ಮೇಲೆ ಅತಿ ತಿಳಿ, 41ರಿಂದ 55 ತಿಳಿ, 28ರಿಂದ 41 ಮಧ್ಯಮ, 10ರಿಂದ 28 ನಸುಗಂದು, ಮೈನಸ್ 30ರಿಂದ 10 ಕಂದು, ಮೈನಸ್ 30ಕ್ಕಿಂತ ಕೆಳಗೆ ಕಡುಬಣ್ಣ. ಪ್ರಬಂಧದಲ್ಲಿ ಖಾನೆಯ ಹೆಸರಿನ ಜೊತೆ ಕೋನದ ಅಂಕಿಯನ್ನೂ ಕೊಡಿ.

ಎಡವುವ ಜಾಗಗಳು ಇವು. ಸ್ಪ್ರೆಡ್‌ಶೀಟ್‌ನ ಆರ್ಕ್-ಟ್ಯಾನ್ ಸೂತ್ರ ಉತ್ತರವನ್ನು ರೇಡಿಯನ್‌ನಲ್ಲಿ ಕೊಡುತ್ತದೆ. 180ರಿಂದ ಗುಣಿಸಿ ಪೈನಿಂದ ಭಾಗಿಸದಿದ್ದರೆ ಎಲ್ಲರ ಕೋನವೂ ಸೊನ್ನೆಯ ಆಸುಪಾಸಿಗೆ ಬಂದು ಎಲ್ಲರೂ ಒಂದೇ ಖಾನೆಗೆ ಬೀಳುತ್ತಾರೆ. ಉಪಕರಣದ ತುದಿಯನ್ನು ಒತ್ತಿ ಹಿಡಿದರೆ ರಕ್ತ ಸರಿದು ಚರ್ಮ ತಿಳಿಯಾಗಿ ಕಾಣುತ್ತದೆ, ಹಗುರವಾಗಿ ತಾಗಿಸಿ. ಅಳತೆಗೆ ಮುಂಚೆ ಕ್ರೀಮ್, ಎಣ್ಣೆ ಹಚ್ಚಿರಬಾರದು. ಪ್ರತಿ ಸರದಿಯ ಆರಂಭದಲ್ಲಿ ಬಿಳಿ ಬಿಲ್ಲೆಯ ಮೇಲೆ ಉಪಕರಣವನ್ನು ಸರಿಹೊಂದಿಸಿ. ಬಿಸಿಲು ಬೀಳದ ಒಳತೋಳಿನಲ್ಲಿ ಮೂರು ಬಾರಿ, ಗಾಯದ ಪಕ್ಕದ ಆರೋಗ್ಯವಂತ ಚರ್ಮದಲ್ಲಿ ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ. ತೀರಾ ಕಡುಬಣ್ಣದ ಚರ್ಮದಲ್ಲಿ ಬಿ-ಸ್ಟಾರ್ ಸೊನ್ನೆಗೆ ಹತ್ತಿರವಾದಾಗ ಕೋನ ವಿಪರೀತ ಏರುಪೇರಾಗುತ್ತದೆ. ಅಂಥವರಿಗೆ ಎಲ್-ಸ್ಟಾರ್ ಮೌಲ್ಯವನ್ನೇ ನೇರವಾಗಿ ಕೊಡುವುದು ವಾಸಿ.

ಉಪಕರಣಕ್ಕೆ ಹಣವಿಲ್ಲದಿದ್ದರೆ ಮಾಂಕ್ ಮಾಪಕ ಇದೆ. ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿದ ಈ ಹತ್ತು ಬಣ್ಣಗಳ ಪಟ್ಟಿಯನ್ನು ಗೂಗಲ್ 2022ರಲ್ಲಿ ಬಿಡುಗಡೆ ಮಾಡಿತು. ಕಣ್ಣಂದಾಜಿನ ಮಾಪಕವಾದ್ದರಿಂದ ಇಬ್ಬರು ಬೇರೆ ಬೇರೆಯಾಗಿ ಗುರುತಿಸಿ, ಇಬ್ಬರಿಗೂ ಎಷ್ಟು ಹೊಂದಿಕೆಯಾಯಿತು ಎಂಬುದನ್ನು ವರದಿ ಮಾಡಿ.

3. ತೀವ್ರತೆಯ ಅಂಕ ಯಾರನ್ನು ಹೊರಗಿಡುತ್ತಿದೆ ಎಂದು ಲೆಕ್ಕ ಹಾಕಿ ನೋಡಿ

ಎಕ್ಸಿಮಾದ ಈಸಿ, ಸೋರಿಯಾಸಿಸ್‌ನ ಪಾಸಿ ಎರಡೂ ಅಂಕಪದ್ಧತಿಗಳಲ್ಲಿ ‘ಕೆಂಪು’ ಒಂದು ಘಟಕ. ಕಡುಬಣ್ಣದ ಚರ್ಮದಲ್ಲಿ ಉರಿಯೂತ ಅಷ್ಟಾಗಿ ಕೆಂಪಗೆ ಕಾಣುವುದಿಲ್ಲ. ನೇರಳೆ, ಬೂದು, ಕಡುಗಂದು ಛಾಯೆಯಾಗಿ ಕಾಣುತ್ತದೆ. ಕೆಂಪನ್ನೇ ಹುಡುಕುವ ಕಣ್ಣು ಅಲ್ಲಿ ಕಡಿಮೆ ಅಂಕ ಕೊಡುತ್ತದೆ.

ಇದು ಸಣ್ಣ ವಿಷಯ ಎನಿಸಿದರೆ ಒಂದು ಲೆಕ್ಕ ನೋಡಿ. ಈಸಿಯಲ್ಲಿ ಕೆಂಪು, ದಪ್ಪ, ಕೆರೆತದ ಗೀರು, ಚರ್ಮ ಒರಟಾಗುವಿಕೆ ಈ ನಾಲ್ಕಕ್ಕೂ 0ರಿಂದ 3ರವರೆಗೆ ಅಂಕ. ದೇಹದ ಪ್ರತಿ ಭಾಗದಲ್ಲೂ ಶೇ. 30ರಿಂದ 49ರಷ್ಟು ಚರ್ಮಕ್ಕೆ ರೋಗ ಹರಡಿದೆ ಎಂದುಕೊಳ್ಳಿ. ವಿಸ್ತಾರದ ಅಂಕ 3. ಕೆಂಪು 2, ದಪ್ಪ 1, ಗೀರು 1, ಒರಟು 2 ಆದರೆ ಮೊತ್ತ 6. ಮೂರರಿಂದ ಗುಣಿಸಿದರೆ 18. ಅದೇ ರೋಗಿಗೆ ಕೆಂಪು 1 ಎಂದು ಬರೆದರೆ ಮೊತ್ತ 5, ಗುಣಲಬ್ಧ 15. ಮಧ್ಯಮದಿಂದ ತೀವ್ರ ಎಕ್ಸಿಮಾದ ಔಷಧ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಪ್ರವೇಶದ ಮಿತಿ 16. ಒಂದೇ ಒಂದು ಅಂಕದ ಕೊರತೆಯಿಂದ ಆ ವ್ಯಕ್ತಿ ಬಾಗಿಲಲ್ಲೇ ವಾಪಸ್. ನೋಂದಣಿ ಪಟ್ಟಿಯಲ್ಲಿ ಇದು ‘ರೋಗ ತೀವ್ರವಾಗಿಲ್ಲ’ ಎಂದು ದಾಖಲಾಗುತ್ತದೆ, ಬಣ್ಣದ ಮಾತೇ ಎಲ್ಲೂ ಬರುವುದಿಲ್ಲ.

ಪರಿಹಾರಕ್ಕೆ ನಾಲ್ಕು ಕೆಲಸ ಮಾಡಬೇಕು. ಅಂಕ ಹಾಕುವವರ ತರಬೇತಿಯಲ್ಲಿ ಎಲ್ಲ ಬಣ್ಣದ ಚರ್ಮದ ಚಿತ್ರಗಳಿರಲಿ. ‘ಎಷ್ಟು ಕೆಂಪು’ ಎಂದು ಕೇಳುವ ಬದಲು ‘ಇದೇ ರೋಗಿಯ ಆರೋಗ್ಯವಂತ ಚರ್ಮಕ್ಕಿಂತ ಬಣ್ಣ ಎಷ್ಟು ಬದಲಾಗಿದೆ’ ಎಂದು ಕೇಳಲು ಕಲಿಸಿ, ಮುಟ್ಟಿ ಬಿಸಿ ಮತ್ತು ದಪ್ಪ ನೋಡಲು ಹೇಳಿ. ಪೋಯಂನಂಥ, ರೋಗಿಯೇ ಉತ್ತರಿಸುವ ಪ್ರಶ್ನಾವಳಿಯನ್ನು ಜೊತೆಗಿಡಿ. ಅದರ ಏಳು ಪ್ರಶ್ನೆಗಳಲ್ಲಿ ಒಂದೂ ಬಣ್ಣವನ್ನು ಕೇಳುವುದಿಲ್ಲ. ಮಿತಿಗಿಂತ ಸ್ವಲ್ಪ ಕೆಳಗೆ ಬಿದ್ದವರನ್ನು ಎರಡನೆಯ ಪರೀಕ್ಷಕರು ಮತ್ತೆ ನೋಡಲಿ. ಈ ನಿಯಮ ಎಲ್ಲ ಬಣ್ಣದವರಿಗೂ ಒಂದೇ ಇರಬೇಕು, ಇಲ್ಲದಿದ್ದರೆ ಬೇರೊಂದು ಪಕ್ಷಪಾತ ಒಳಗೆ ಬರುತ್ತದೆ.

ಫಲಿತಾಂಶದ ಪಟ್ಟಿಯಲ್ಲೂ ಒಂದು ಕೊರತೆ ಇದೆ. ಉರಿಯೂತ ಇಳಿದ ಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಅಂಕದ ಪ್ರಕಾರ ರೋಗ ಸೊನ್ನೆ. ಕನ್ನಡಿ ನೋಡಿಕೊಳ್ಳುವವರ ಪಾಲಿಗೆ ಏನೂ ಗುಣವಾಗಿಲ್ಲ. ಕಲೆಯ ಪ್ರಮಾಣವನ್ನು ಪ್ರತ್ಯೇಕ ಫಲಿತಾಂಶವಾಗಿ ನೋಂದಾಯಿಸಿ, ಮುಖ್ಯ ಅವಧಿ ಮುಗಿದ ಮೇಲೂ ಕೆಲವು ತಿಂಗಳು ಅನುಸರಿಸಿ.

4. ಸೇರ್ಪಡೆ: ನಿಯಮಗಳನ್ನು ಒಂದೊಂದಾಗಿ ಜಾಲಾಡಿ

ಹಳೆಯ ಪ್ರೋಟೊಕಾಲ್‌ನಿಂದ ನಕಲು ಮಾಡಿದ ನಿಯಮಗಳೇ ಇಲ್ಲಿ ಹೆಚ್ಚು ತೊಂದರೆ ಕೊಡುವುದು. ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ ಮೈಕ್ರೋಲೀಟರ್‌ಗೆ 1500ಕ್ಕಿಂತ ಕಡಿಮೆ ಇದ್ದವರು ಬೇಡ ಎಂಬ ನಿಯಮವನ್ನೇ ತೆಗೆದುಕೊಳ್ಳಿ. ಡಫಿ-ನಲ್ ಎಂಬ ಆನುವಂಶಿಕ ಗುಣವಿರುವವರಲ್ಲಿ ಯಾವ ಕಾಯಿಲೆಯೂ ಇಲ್ಲದೆ ಈ ಎಣಿಕೆ ಸಹಜವಾಗಿಯೇ ಕಡಿಮೆ ಇರುತ್ತದೆ. ಆಫ್ರಿಕಾ ಮತ್ತು ಮಧ್ಯಪ್ರಾಚ್ಯ ಮೂಲದವರಲ್ಲಿ ಇದು ಸಾಮಾನ್ಯ. ಔಷಧ ನಿಜವಾಗಿಯೂ ರಕ್ತಕಣ ತಯಾರಾಗುವ ಮೂಳೆ ಮಜ್ಜೆಯ ಮೇಲೆ ಪರಿಣಾಮ ಬೀರುತ್ತದೆ ಎಂದಾದರೆ ನಿಯಮ ಇರಲಿ, ಆದರೆ ಡಫಿ ಪರೀಕ್ಷೆ ಮಾಡಿ ಅಂಥವರಿಗೆ ಬೇರೆ ಮಿತಿ ಇಡಲು ಸಾಧ್ಯವೇ ಎಂದು ಸುರಕ್ಷತಾ ಸಮಿತಿಯನ್ನು ಕೇಳಿ. ಇನ್ನೊಂದು: ತಲೆಹೊಟ್ಟಿನ ಪ್ರಯೋಗಗಳಲ್ಲಿ ದಿನ ಬಿಟ್ಟು ದಿನ ಶಾಂಪೂ ಹಾಕಬೇಕೆಂಬ ಷರತ್ತು. ಬಿಗಿಗುಂಗುರು ಕೂದಲನ್ನು ಹಾಗೆ ತೊಳೆದರೆ ಅದು ಒಣಗಿ ಮುರಿಯುತ್ತದೆ; ಅಂಥ ಕೂದಲಿನವರು ಸೇರುವುದಿಲ್ಲ, ಸೇರಿದರೂ ಅರ್ಧಕ್ಕೆ ಬಿಡುತ್ತಾರೆ. ವಾರಕ್ಕೊಮ್ಮೆ ತೊಳೆಯುವ, ಅಥವಾ ತೊಳೆಯದೆ ಬುಡಕ್ಕೆ ಹಚ್ಚುವ ಔಷಧ ರೂಪವನ್ನು ಯೋಜನೆಯಲ್ಲೇ ಸೇರಿಸಿ.

ಕೇಂದ್ರಗಳ ಆಯ್ಕೆ, ಸಂಜೆಯ ಸಮಯ, ಪ್ರಯಾಣದ ಖರ್ಚು, ರೋಗಿಯ ಭಾಷೆಯಲ್ಲೇ ಸಮ್ಮತಿ ಪತ್ರ ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಗೊತ್ತಿದ್ದೂ ಬಜೆಟ್‌ನಲ್ಲಿ ಇವಕ್ಕೆ ಸಾಲು ಇರುವುದಿಲ್ಲ. ಅನುದಾನದ ಅರ್ಜಿಯಲ್ಲೇ ಬರೆಯಿರಿ.

ಎಷ್ಟು ಜನ ಬೇಕು? ‘ಸಾಕಷ್ಟು’ ಎಂದು ಬರೆದರೆ ಆಗದು. ಒಂದು ಬಣ್ಣದ ಗುಂಪಿನಲ್ಲಿ 30 ಜನರಿದ್ದು ಒಬ್ಬರಿಗೂ ಅಡ್ಡಪರಿಣಾಮ ಆಗಲಿಲ್ಲ ಎಂದರೆ ಅದು ಸುರಕ್ಷಿತ ಎಂದರ್ಥವಲ್ಲ. 3 ಭಾಗಿಸು 30 ಎಂಬ ಸರಳ ಸೂತ್ರದ ಪ್ರಕಾರ ನಿಜವಾದ ಪ್ರಮಾಣ ಶೇ. 10ರವರೆಗೂ ಇರಬಹುದು. ಶೇ. 1ಕ್ಕೆ ಇಳಿಸಬೇಕಾದರೆ 300 ಜನ ಬೇಕು. ಔಷಧದ ಪರಿಣಾಮ ಬಣ್ಣದಿಂದ ಬಣ್ಣಕ್ಕೆ ಬೇರೆಯೇ ಎಂದು ಪರೀಕ್ಷಿಸುವುದು ಇನ್ನೂ ದುಬಾರಿ: ಎರಡು ಗುಂಪು ಸಮವಾಗಿದ್ದರೂ, ಒಟ್ಟು ಪರಿಣಾಮದಷ್ಟೇ ದೊಡ್ಡ ವ್ಯತ್ಯಾಸ ಹಿಡಿಯಲು ಸುಮಾರು ನಾಲ್ಕು ಪಟ್ಟು ಜನ ಬೇಕಾಗುತ್ತದೆ. ಅಷ್ಟು ಸಾಧ್ಯವಿಲ್ಲದಿದ್ದರೆ ‘ವ್ಯತ್ಯಾಸ ಕಂಡುಬರಲಿಲ್ಲ’ ಎಂದು ಬರೆಯಬೇಡಿ. ಪ್ರತಿ ಗುಂಪಿನ ಪರಿಣಾಮವನ್ನೂ ಅದರ ವಿಶ್ವಾಸಾಂತರವನ್ನೂ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ) ಕೊಟ್ಟು ಸುಮ್ಮನಿರಿ. ಪ್ರತಿ ಗುಂಪಿಗೂ ಗರಿಷ್ಠ ಮಿತಿ ಇಟ್ಟು, ಒಂದು ತುಂಬಿದ ಮೇಲೆ ಅದರ ಬಾಗಿಲು ಮುಚ್ಚುವುದು ಕೆಲಸ ಮಾಡುವ ತಂತ್ರ. ಬರೀ ಗುರಿ ಇಟ್ಟರೆ ಸುಲಭಕ್ಕೆ ಸಿಗುವವರಿಂದಲೇ ಪಟ್ಟಿ ತುಂಬುತ್ತದೆ. ತಿರಸ್ಕೃತರಾದವರ ದಾಖಲೆಯಲ್ಲೂ ಮೈಬಣ್ಣ ಮತ್ತು ಕಾರಣ ಇರಲಿ. ಸೋರಿಕೆ ಎಲ್ಲಿದೆ ಎಂದು ತಿಳಿಯುವುದು ಅಲ್ಲೇ.

5. ಫೋಟೊ

ಕ್ಯಾಮೆರಾದ ಸ್ವಯಂಚಾಲಿತ ಮಾಪನ ತಾನು ನೋಡಿದ್ದನ್ನೆಲ್ಲ ಮಧ್ಯಮ ಬೂದುಬಣ್ಣಕ್ಕೆ ಎಳೆಯುತ್ತದೆ. ಕಪ್ಪು ಚರ್ಮ ಚೌಕಟ್ಟು ತುಂಬಿದ್ದರೆ ಚಿತ್ರ ಬಿಳಚಿಕೊಳ್ಳುತ್ತದೆ. ಹಿಂದೆ ಬಿಳಿ ಬಟ್ಟೆ ಇದ್ದರೆ ಚರ್ಮ ಇದ್ದಲಿನಂತೆ ಕಪ್ಪಾಗಿ, ಗಾಯದ ಅಂಚೇ ಕಾಣದಾಗುತ್ತದೆ. ಆದ್ದರಿಂದ ಶೇ. 18ರ ಬೂದು ಕಾರ್ಡ್ ಅನ್ನು ಚರ್ಮದ ಪಕ್ಕದಲ್ಲಿಟ್ಟು, ಅದರ ಮೇಲೆ ಬೆಳಕು ಅಳೆದು, ಎಕ್ಸ್‌ಪೋಶರ್ ಅನ್ನು ಕೈಯಾರೆ ನಿಗದಿಪಡಿಸಿ. ಹಿನ್ನೆಲೆ ಮಧ್ಯಮ ಬೂದು ಅಥವಾ ಮಾಸಲು ನೀಲಿ ಇರಲಿ. ಒಂದು ಸ್ಟಾಪ್ ಹೆಚ್ಚು (ಬೆಳಕು ಇಮ್ಮಡಿ), ಒಂದು ಸ್ಟಾಪ್ ಕಡಿಮೆ (ಅರ್ಧ) ಇಟ್ಟು ಇನ್ನೆರಡು ಚಿತ್ರ ತೆಗೆದಿಡಿ.

ಲೆನ್ಸ್ ಸುತ್ತಲಿನ ರಿಂಗ್ ಫ್ಲ್ಯಾಶ್ ಕಡುಬಣ್ಣದ ಚರ್ಮದ ಮೇಲೆ ಬಿಳಿ ಹೊಳಪು ಬೀರುತ್ತದೆ. ಅಡ್ಡ-ಧ್ರುವೀಕರಣದ ಫಿಲ್ಟರ್ ಹಾಕಿದರೆ ಹೊಳಪು ಹೋಗಿ ಬಣ್ಣ ಸ್ಪಷ್ಟವಾಗುತ್ತದೆ. ಆದರೆ ಜೊತೆಗೆ ಹೊಟ್ಟು ಮತ್ತು ಒರಟುತನವೂ ಮಾಯವಾಗುತ್ತದೆ. ಹಾಗಾಗಿ ಎರಡೂ ಬೇಕು: ಬಣ್ಣಕ್ಕೆ ಫಿಲ್ಟರ್ ಹಾಕಿದ್ದೊಂದು, ಮೇಲ್ಮೈಗೆ ಪಕ್ಕದಿಂದ ಓರೆ ಬೆಳಕು ಬಿಟ್ಟು ತೆಗೆದದ್ದೊಂದು. ಮೂಲ ರಾ ಕಡತವನ್ನು ಇಟ್ಟುಕೊಳ್ಳಿ. ಜೆಪೆಗ್‌ಗೆ ಕುಗ್ಗಿಸುವಾಗ ಮೊದಲು ಹಾಳಾಗುವುದು ಕಪ್ಪು ಭಾಗದ ವಿವರಗಳೇ. ಕಡತದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಿ.

ಸಮ್ಮತಿಯನ್ನು ಮೂರಾಗಿ ಪಡೆಯಿರಿ: ಚಿಕಿತ್ಸೆಯ ದಾಖಲೆಗೆ, ಪ್ರಕಟಣೆಗೆ, ಸಾರ್ವಜನಿಕ ಚಿತ್ರಸಂಗ್ರಹ ಅಥವಾ ಕೃತಕ ಬುದ್ಧಿಮತ್ತೆಯ ತರಬೇತಿಗೆ. ಪ್ರಕಟವಾದ ಚಿತ್ರವನ್ನು ಅಂತರ್ಜಾಲದಿಂದ ಪೂರ್ತಿ ಹಿಂಪಡೆಯಲಾಗದು ಎಂಬುದನ್ನು ರೋಗಿಗೆ ಬಾಯಿಬಿಟ್ಟು ಹೇಳಿ. ಕಣ್ಣಿನ ಮೇಲೆ ಕಪ್ಪುಪಟ್ಟಿ ಎಳೆದರೆ ಗುರುತು ಮರೆಯಾಗದು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅಂದರೆ ಐಸಿಎಂಜೆಇ, ಇದನ್ನು ಸ್ಪಷ್ಟವಾಗಿಯೇ ಹೇಳಿದೆ.

6. ಚಿತ್ರಸಂಗ್ರಹ ಬಳಸಿ ಅಲ್ಗಾರಿದಂ ಮಾಡುವವರಿಗೆ

ಒಟ್ಟು ನಿಖರತೆಯ ಒಂದೇ ಅಂಕಿಯನ್ನು ನಂಬಬೇಡಿ. 2021ರಲ್ಲಿ ಬಂದ ಫಿಟ್ಸ್‌ಪ್ಯಾಟ್ರಿಕ್ 17ಕೆ ಸಂಗ್ರಹದ 16,577 ಚಿತ್ರಗಳಲ್ಲೂ ತಿಳಿಬಣ್ಣದವೇ ಹೆಚ್ಚು. ಬಯಾಪ್ಸಿಯಿಂದ ಖಚಿತಪಡಿಸಿದ 656 ಚಿತ್ರಗಳ ಡಿಡಿಐ ಸಂಗ್ರಹದ ಮೇಲೆ 2022ರಲ್ಲಿ ಪರೀಕ್ಷಿಸಿದಾಗ ಆಗಿನ ಅಲ್ಗಾರಿದಂಗಳು ಕಡುಬಣ್ಣದ ಚರ್ಮದಲ್ಲಿ ಮುಗ್ಗರಿಸಿದವು. ಸಂವೇದನಾಶೀಲತೆ (ರೋಗವಿದ್ದವರಲ್ಲಿ ಎಷ್ಟು ಜನರನ್ನು ಹಿಡಿಯಿತು), ನಿರ್ದಿಷ್ಟತೆ (ರೋಗವಿಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟಿತು) ಎರಡನ್ನೂ ಬಣ್ಣವಾರು ಕೊಡಿ. ಒಬ್ಬನೇ ರೋಗಿಯ ಚಿತ್ರಗಳು ತರಬೇತಿಗೂ ಪರೀಕ್ಷೆಗೂ ಹಂಚಿಹೋಗದಂತೆ ನೋಡಿಕೊಳ್ಳಿ. ಕಡುಬಣ್ಣದ ರೋಗಿಗಳು ಬೆರಳೆಣಿಕೆಯಷ್ಟಿದ್ದಾಗ ಈ ತಪ್ಪೊಂದೇ ಫಲಿತಾಂಶವನ್ನು ಸುಳ್ಳಾಗಿ ಹೊಳೆಯಿಸಬಲ್ಲದು.

7. ಬರವಣಿಗೆ ಮತ್ತು ಲೇಖಕರ ಪಟ್ಟಿ

ಚಿತ್ರದ ಅಡಿಬರಹದಲ್ಲಿ ಮೈಬಣ್ಣವನ್ನು ನಮೂದಿಸಿ, ತಿಳಿಬಣ್ಣದ್ದಾದರೂ ಸಹ. ಕಡುಬಣ್ಣದ ಚಿತ್ರಕ್ಕೆ ಮಾತ್ರ ಬಣ್ಣ ಬರೆದರೆ ಉಳಿದದ್ದೆಲ್ಲ ‘ಸಹಜ’ ಎಂದಾಗುತ್ತದೆ. ‘ಚರ್ಮದ ಬಣ್ಣದ ಗಂಟು’ ಎಂದು ಬರೆಯದೆ ‘ಸುತ್ತಲಿನ ಚರ್ಮದ ಬಣ್ಣದ್ದೇ ಆದ ಗಂಟು’ ಎನ್ನಿ. ಪ್ರಯೋಗಾಲಯದ ಕೆಲಸಕ್ಕೂ ಇದು ಸಲ್ಲುತ್ತದೆ: ಚರ್ಮಕೋಶಗಳು ಯಾವ ಮೈಬಣ್ಣದ ದಾನಿಯವು ಎಂದು ಬರೆಯದ ಪ್ರಬಂಧಗಳು ಈಗಲೂ ಸಲೀಸಾಗಿ ಪ್ರಕಟವಾಗುತ್ತವೆ.

ಬೇರೆ ದೇಶದಲ್ಲಿ ಮಾದರಿ ಸಂಗ್ರಹಿಸಿ, ಅಲ್ಲಿನ ವೈದ್ಯರಿಗೆ ಕೊನೆಗೊಂದು ಕೃತಜ್ಞತೆ ಹೇಳಿ ಮುಗಿಸುವುದು ಹಳೆಯ ಚಾಳಿ. ಐಸಿಎಂಜೆಇ ಪ್ರಕಾರ ಲೇಖಕರೆನಿಸಲು ನಾಲ್ಕು ಮಾನದಂಡ: ಕೆಲಸಕ್ಕೆ ಗಣನೀಯ ಕೊಡುಗೆ, ಬರೆಯುವುದು ಅಥವಾ ತಿದ್ದುವುದು, ಅಂತಿಮ ಪ್ರತಿಗೆ ಒಪ್ಪಿಗೆ, ಹೊಣೆ ಹೊರುವುದು. ಮೊದಲನೆಯದನ್ನು ಪೂರೈಸಿದವರಿಗೆ ಕರಡನ್ನೇ ಕಳಿಸದೆ, ‘ನೀವು ಎರಡನೆಯದನ್ನು ಪೂರೈಸಿಲ್ಲ’ ಎನ್ನುವಂತಿಲ್ಲ. ಅದೇ ಸಮಿತಿಯ ಮಾತು ಇದು. ಯಾರ ಹೆಸರು ಎಲ್ಲಿ ಎಂಬುದನ್ನು ಮೊದಲ ರೋಗಿ ಸೇರುವ ಮುನ್ನವೇ ಬರಹದಲ್ಲಿ ಇಟ್ಟುಕೊಳ್ಳಿ.

8. ಜರ್ನಲ್ ನಡೆಸುವವರು

ವೈವಿಧ್ಯದ ಬಗ್ಗೆ ಸುಂದರ ಹೇಳಿಕೆ ಪ್ರಕಟಿಸುವುದಕ್ಕಿಂತ ಸಲ್ಲಿಕೆಯ ಫಾರಂನಲ್ಲಿ ನಾಲ್ಕು ಕಡ್ಡಾಯ ಖಾನೆ ಇಡುವುದು ಹೆಚ್ಚು ಫಲ ಕೊಡುತ್ತದೆ: ಮೈಬಣ್ಣವನ್ನು ಯಾವ ವಿಧಾನದಿಂದ ದಾಖಲಿಸಲಾಯಿತು, ಪ್ರತಿ ವರ್ಗದಲ್ಲಿ ಎಷ್ಟು ಜನ, ಚಿತ್ರಗಳಲ್ಲಿ ಯಾವ ಬಣ್ಣಗಳಿವೆ, ಮಾಹಿತಿ ಸಂಗ್ರಹಿಸಿದ ಊರಿನವರು ಲೇಖಕರಲ್ಲಿ ಇದ್ದಾರೆಯೇ. ‘ದಾಖಲಿಸಿಲ್ಲ, ಕಾರಣ ಇದು’ ಎಂಬ ಆಯ್ಕೆಯೂ ಇರಲಿ. ಖಾನೆ ಐಚ್ಛಿಕವಾದರೆ ಖಾಲಿಯೇ ಬರುತ್ತದೆ. ನಿಯಮ ಯಾವ ತಾರೀಖಿನಿಂದ ಜಾರಿ ಎಂದು ಮುಂಚಿತವಾಗಿ ಸಾರಿ, ಈಗಾಗಲೇ ಮುಗಿದ ಅಧ್ಯಯನಗಳಿಗೆ ವಿನಾಯಿತಿ ಕೊಡಿ.

ಲೇಖಕರ ಹೆಸರು ಮರೆಮಾಡಿ ಪರಿಶೀಲನೆಗೆ ಕಳಿಸುವುದಾದರೆ ಮೊದಲ ಪುಟ ತೆಗೆದರೆ ಸಾಲದು. ನೈತಿಕ ಸಮಿತಿಯ ಹೆಸರು, ಪ್ರಯೋಗ ನೋಂದಣಿ ಸಂಖ್ಯೆ, ‘ನಮ್ಮ ಹಿಂದಿನ ಅಧ್ಯಯನದಲ್ಲಿ’ ಎಂಬ ಸಾಲು, ಕಡತದ ಗುಣಲಕ್ಷಣಗಳು, ಇವೆಲ್ಲ ಗುಟ್ಟು ಬಿಟ್ಟುಕೊಡುತ್ತವೆ. ಪರಿಶೀಲಕರಲ್ಲಿ ಒಬ್ಬರಾದರೂ ಆ ರೋಗ ಹೆಚ್ಚಾಗಿರುವ ಪ್ರದೇಶದಲ್ಲಿ ರೋಗಿಗಳನ್ನು ನೋಡುವವರಾಗಿರಲಿ.

ಪ್ರಕಟಣಾ ಶುಲ್ಕದ ರಿಯಾಯಿತಿಯನ್ನು ಹಲವು ಪ್ರಕಾಶಕರು, ಬಡ ದೇಶಗಳಿಗೆ ಜರ್ನಲ್‌ಗಳನ್ನು ಉಚಿತವಾಗಿ ಇಲ್ಲವೇ ಕಡಿಮೆ ಬೆಲೆಗೆ ಒದಗಿಸುವ ಯೋಜನೆಯಾದ ರಿಸರ್ಚ್‌4ಲೈಫ್ ದೇಶಗಳ ಪಟ್ಟಿ ನೋಡಿ ಕೊಡುತ್ತಾರೆ. ಆ ಪಟ್ಟಿಯಿಂದ ಸ್ವಲ್ಪದರಲ್ಲಿ ಹೊರಗುಳಿದ ಮಧ್ಯಮ ಆದಾಯದ ದೇಶಗಳ ಲೇಖಕರೇ ಹೆಚ್ಚು ಪೇಚಿಗೆ ಸಿಲುಕುವವರು. ಅವರಿಗೆ ವೈಯಕ್ತಿಕ ಅರ್ಜಿಯ ದಾರಿ ತೆರೆದಿಡಿ. ರಿಯಾಯಿತಿಯ ತೀರ್ಮಾನ ಪರಿಶೀಲನೆಗೆ ಮುಂಚೆಯೇ ಆಗಲಿ, ಸಂಪಾದಕರ ಕಣ್ಣಿಗೆ ಬೀಳದಿರಲಿ.

ಸಂಪಾದಕ ಮಂಡಳಿಯ ಸದಸ್ಯತ್ವಕ್ಕೆ ಅವಧಿ ನಿಗದಿಪಡಿಸಿ, ಖಾಲಿ ಸ್ಥಾನವನ್ನು ಬಹಿರಂಗವಾಗಿ ಪ್ರಕಟಿಸಿ. ಮಂಡಳಿಯ ಅಂಕಿಅಂಶವನ್ನು ಸದಸ್ಯರು ತಾವೇ ಹೇಳಿಕೊಂಡದ್ದರಿಂದ ಮಾತ್ರ ತಯಾರಿಸಿ. ಹೆಸರು ಅಥವಾ ಫೋಟೊ ನೋಡಿ ಊಹಿಸಬೇಡಿ. ಒಂದು ಗುಂಪಿನಲ್ಲಿ ಐವರಿಗಿಂತ ಕಡಿಮೆ ಇದ್ದರೆ ಆ ಅಂಕಿ ಮುಚ್ಚಿಡಿ. ಹಾಗೆಯೇ ಯಾವ ದೇಶದ ಪ್ರಬಂಧಗಳು ಪರಿಶೀಲನೆಗೇ ಹೋಗದೆ ಸಂಪಾದಕರ ಮೇಜಿನಿಂದಲೇ ವಾಪಸಾಗುತ್ತಿವೆ ಎಂದು ವರ್ಷಕ್ಕೊಮ್ಮೆ ಎಣಿಸಿ. ಸ್ವೀಕೃತ ಪ್ರಬಂಧಗಳನ್ನಷ್ಟೇ ಎಣಿಸಿದರೆ ಈ ಹಂತದ ನಷ್ಟ ಕಾಣುವುದಿಲ್ಲ.

ಇನ್ನು, 180 ಜನರ ಪ್ರಯೋಗದಲ್ಲಿ ಕಡುಬಣ್ಣದವರು ಆರೇ ಮಂದಿ ಇರುವ ಪ್ರಬಂಧ ಪರಿಶೀಲನೆಗೆ ಬಂದರೆ? ಅದೊಂದೇ ಕಾರಣಕ್ಕೆ ತಿರಸ್ಕರಿಸಬೇಕಿಲ್ಲ. ಸಾರಾಂಶದಲ್ಲೇ ಆ ಸಂಖ್ಯೆ ಬರಲಿ ಎಂದು ಕೇಳಿ, ‘ಎಲ್ಲ ರೋಗಿಗಳಿಗೂ’ ಎಂಬಂಥ ತೀರ್ಮಾನವನ್ನು ತೆಗೆಸಿ. ಆ ಆರು ಜನರ ಐಟಿಎ ಮೌಲ್ಯ, ಆರಂಭದ ಮತ್ತು ಕೊನೆಯ ಅಂಕ, ಅಡ್ಡಪರಿಣಾಮ ಇಷ್ಟನ್ನು, ಕೇಂದ್ರದ ಹೆಸರು ಮತ್ತು ನಿಖರ ವಯಸ್ಸು ಬಿಟ್ಟು, ಪೂರಕ ಕೋಷ್ಟಕದಲ್ಲಿ ಒಬ್ಬೊಬ್ಬರದಾಗಿ ಕೊಡಲು ಹೇಳಿ. ಇಷ್ಟು ವಿವರಕ್ಕೆ ಸಮ್ಮತಿ ಪತ್ರದಲ್ಲಿ ಅವಕಾಶವಿದೆಯೇ ಎಂದೂ ವಿಚಾರಿಸಿ. ಇಂಥ ಹತ್ತು ಪ್ರಯೋಗಗಳ ಕೋಷ್ಟಕಗಳು ಸಿಕ್ಕರೆ ಮುಂದೆ ಮೆಟಾ-ವಿಶ್ಲೇಷಣೆ (ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವುದು) ಮಾಡುವವರ ಕೈಯಲ್ಲಿ ಅರವತ್ತು ಜನರ ಮಾಹಿತಿ ಇರುತ್ತದೆ.